ಗುಡ್ಡದ ಮೇಲೆ ಕೂಗಿದ ಹೆಸರು

ಜನವರಿ 12

ಮಗಳೇ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕಂತೆ, ಬರೆದಾಯಿತು. ಇನ್ನು ನಿಜ ಹೇಳುತ್ತೇನೆ, ಕೇಳು. ನೀನು ಈ ನಿರಾಶ್ರಿತರ ಶಿಬಿರ ಬಿಟ್ಟು ಹೋಗಿ ಇವತ್ತಿಗೆ ಮೂರು ವಾರ. ಈ ಮೂರು ವಾರದಲ್ಲಿ ಅನ್ನ ಸೀಯಿಸಿದ್ದು ಐದು ಸಲ, ಅರೆಬೆಂದದ್ದನ್ನು ಇಳಿಸಿದ್ದು ಮೂರು ಸಲ. ಮಿಕ್ಕ ದಿನ ಬ್ರೆಡ್ಡು. ಈ ಗ್ಯಾಸ್ ಒಲೆಯ ಸ್ವಭಾವವೇ ನನಗೆ ಹಿಡಿಸುತ್ತಿಲ್ಲ. ಹೊಗೆಯಿಲ್ಲ, ಕೆಂಡವಿಲ್ಲ, ಒಳಗೆ ಏನು ನಡೆಯುತ್ತಿದೆ ಎಂಬ ಸುಳಿವಿಲ್ಲ. ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಎಲ್ಲ ಗೊತ್ತಾಗುವುದು. ನಗಬೇಡ. ನಲವತ್ತು ವರ್ಷ ಮರ ಕೊಯ್ದ ಬಡಗಿಗೆ ಒಂದು ಹಿಡಿ ಅಕ್ಕಿ ಬೇಯಿಸಲು ಬರುವುದಿಲ್ಲವೆಂದು ನಮ್ಮ ಸಾಲಿಗೆಲ್ಲ ಗೊತ್ತಾಗಿಹೋಗಿದೆ.

ನನಗೂ ಕೆಲಸ ಸಿಕ್ಕಿದೆ. ಗುಡ್ಡದ ಆಚೆ ಮಗ್ಗುಲಲ್ಲಿ ಸಸಿ ನೆಟ್ಟಿದ್ದಾರಲ್ಲ, ಅವನ್ನು ಕಾಯುವುದು. ಮೇಕೆ ಬರದಂತೆ ನೋಡಿಕೊಳ್ಳಬೇಕು, ಮನುಷ್ಯರು ಬರದಂತೆಯೂ ನೋಡಿಕೊಳ್ಳಬೇಕು. ಮೇಕೆಗೆ ಹೇಳಿದರೆ ಕೇಳುತ್ತದೆ. ಸಸಿಗಳಿಗೆ ಈಗ ನನ್ನ ಮೊಣಕಾಲಿನ ಎತ್ತರವಿಲ್ಲ. ಒಂದು ಬಾಗಿಲ ಚೌಕಟ್ಟಿಗೆ ಒದಗಬೇಕಾದರೆ ಇನ್ನು ಮೂವತ್ತು ವರ್ಷ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾವು ಬಂದಾಗ ಈ ಗುಡ್ಡದಲ್ಲಿ ಹಗಲಲ್ಲೂ ಬಿಸಿಲು ನೆಲಕ್ಕೆ ಬೀಳುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಅಷ್ಟನ್ನೂ ಉರಿಸಿ ಗಂಜಿ ಕಾಯಿಸಿ ಕುಡಿದೆವು. ಮರ ಮುಗಿದ ಮೇಲೆ ಬುಡ ಅಗೆದೆವು, ಬುಡ ಮುಗಿದ ಮೇಲೆ ಬೇರು ಕಿತ್ತೆವು. ಹಾಗೆ ಹೊತ್ತಿಸಿದ ಬೆಂಕಿಯ ಹೊಗೆ ಕುಡಿದು ಕುಡಿದು ನಿಮ್ಮಮ್ಮ ಹೋದಳು. ಗ್ಯಾಸ್ ಬಂದದ್ದು ಆಮೇಲೆ.

ಪಕ್ಕದ ಮನೆಯ ನಿನ್ನ ಶುಂಠಿ ಅಕ್ಕ ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾಳೆ. ನ್ಯಾಯವಾಗಿ ಮುಖ ತಿರುಗಿಸಬೇಕಾದವನು ನಾನು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನು ಆಸೆಪಟ್ಟು ಮಾಡಿದ್ದ ಬೆಂಚನ್ನು ಕೊಡಲಿಯಿಂದ ಒಡೆದು ಒಲೆಗಿಟ್ಟವಳು ಅವಳು. ಅದರ ಉರಿಯಲ್ಲಿ ಕಾಯಿಸಿದ ಗಂಜಿಯನ್ನು ನನಗೂ ಒಂದು ಬಟ್ಟಲು ಕಳಿಸಿದ್ದಳು. ನಾನು ಸಂಗತಿ ತಿಳಿಯದೆ ಚೆನ್ನಾಗಿದೆ ಎಂದು ಕುಡಿದಿದ್ದೆ. ಅದು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ಕಚೇರಿಯ ಫೋನಿಗೆ ಮತ್ತೆ ಮಾಡಬೇಡ. ಸಾಮಿಲ್ಲಿನ ಗರಗಸ ನನ್ನ ಕಿವಿಯನ್ನು ಎಂದೋ ತಿಂದುಹಾಕಿದೆ. ಫೋನಿನಲ್ಲಿ ನಿನ್ನ ದನಿ ಡಬ್ಬಿಯೊಳಗಿನ ನೊಣದಂತೆ ಕೇಳುತ್ತದೆ. ಗುಮಾಸ್ತನ ಎದುರು ನಾನು ಹೂಂ ಹೂಂ ಎಂದು ಸುಳ್ಳೇ ತಲೆಯಾಡಿಸಬೇಕಾಗುತ್ತದೆ. ಕಾಗದ ಬರೆ.

ಇತಿ,
ಸೀದ ಅನ್ನದ ಅಪ್ಪ


ಫೆಬ್ರುವರಿ 3

ಅಪ್ಪಾ,

ನಿನ್ನ ಕಾಗದ ಹತ್ತು ದಿನ ಸುತ್ತಾಡಿಕೊಂಡು ಬಂತು. ಮೊದಲು ಅನ್ನದ ವಿಷಯ. ತೊಳೆದ ಅಕ್ಕಿಯ ಮೇಲೆ ಬೆರಳ ತುದಿ ಇಟ್ಟರೆ ಮೊದಲ ಗೆಣ್ಣಿಗೆ ನೀರು ಬರಬೇಕು. ಕುದಿ ಬಂದ ಮೇಲೆ ಉರಿ ಇಳಿಸಿ ಮುಚ್ಚಿಬಿಡು. ಗಳಿಗೆಗೊಂದು ಸಲ ಮುಚ್ಚಳ ತೆಗೆದು ನೋಡಬೇಡ, ಅದು ನೀನು ಕಾಯಿಸುವ ಮರದ ಗೋಂದಲ್ಲ.

ನನ್ನ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ, ನೆಲಮಾಳಿಗೆಯಲ್ಲಿ. ನಾನಿರುವುದು ಇಸ್ತ್ರಿ ಯಂತ್ರದ ಮುಂದೆ. ಒದ್ದೆ ಹಾಸುಬಟ್ಟೆಯನ್ನು ಈ ಕಡೆಯಿಂದ ನಾನು ತೂರಿಸುತ್ತೇನೆ, ಆ ಕಡೆ ಇನ್ನೊಬ್ಬಳು ಹಿಡಿದುಕೊಳ್ಳುತ್ತಾಳೆ, ಆಮೇಲೆ ಇಬ್ಬರೂ ಸೇರಿ ಮಡಿಸುತ್ತೇವೆ. ದಿನವಿಡೀ ಒಂದೇ ಬಟ್ಟೆಯ ಎರಡು ತುದಿ ಹಿಡಿದಿರುತ್ತೇವೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ರೂಮಿನಲ್ಲಿ ಐದು ಜನ ಇದ್ದೇವೆ, ಒಲೆ ಹಚ್ಚುವಂತಿಲ್ಲ, ಊಟ ಕ್ಯಾಂಟೀನಿನಲ್ಲಿ. ಬೆಳಕು ಹರಿಯುವ ಮುಂಚೆಯೇ ತಾನಾಗಿ ಎಚ್ಚರವಾಗುತ್ತದೆ, ಸೌದೆಗೆ ಹೊರಡುತ್ತಿದ್ದ ಹೊತ್ತಲ್ಲವೇ. ಎದ್ದು ಕೂತರೆ ಹೋಗಬೇಕಾದ ಜಾಗವೇ ಇರುವುದಿಲ್ಲ. ಯಾರನ್ನೂ ಎಬ್ಬಿಸದೆ ಸುಮ್ಮನೆ ಕೂತಿರುತ್ತೇನೆ.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಕೆಲಸಕ್ಕೆ ಹೋಗುವ ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಮರಗಳಿವೆ. ಮೊದಲ ದಿನ ಒಂದರ ಕೆಳಗೆ ನಿಂತುಬಿಟ್ಟೆ. ಚಂದ ನೋಡುತ್ತಿದ್ದೇನೆ ಎಂದು ನಾನೇ ಅಂದುಕೊಂಡೆ. ಆದರೆ ಮನಸ್ಸು ಲೆಕ್ಕ ಹಾಕುತ್ತಿತ್ತು ಅಪ್ಪ. ಕೆಳಗಿನ ಕೊಂಬೆ ನಾಲ್ಕು ದಿನಕ್ಕಾಯಿತು, ಕಾಂಡ ಎರಡು ತಿಂಗಳಿಗಾಯಿತು ಎಂದು. ನಾಚಿಕೆಯಾಗಿ ಅಲ್ಲಿಂದ ಹೊರಟುಬಿಟ್ಟೆ. ಆ ಗುಡ್ಡವನ್ನು ಬೋಳಿಸಿದ ಕೈಗಳಲ್ಲಿ ಎರಡು ನನ್ನವು.

ಈಗ ಮುಖ್ಯ ವಿಷಯ. ಇಲ್ಲಿಯ ಮೇಲ್ವಿಚಾರಕಿಗೆ ನನ್ನ ಕೆಲಸ ಹಿಡಿಸಿದೆ, ಕಾಯಂ ಮಾಡುತ್ತಾರಂತೆ. ಆದರೆ ನನ್ನ ಹೆಸರು ಇನ್ನೂ ಶಿಬಿರದ ಪಟ್ಟಿಯಲ್ಲಿದೆ. ಒಬ್ಬ ಮನುಷ್ಯ ಎರಡು ಪಟ್ಟಿಯಲ್ಲಿ ಇರುವಂತಿಲ್ಲ ಎನ್ನುತ್ತಾರೆ. ಶಿಬಿರದ ರಜಾ ಚೀಟಿ ಮಾರ್ಚಿಗೆ ಮುಗಿಯುತ್ತದೆ, ಇಲ್ಲಿಯವರು ಜೂನ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ಶಿಬಿರದ ಪಟ್ಟಿಯಿಂದ ಹೆಸರು ಕಡಿದ ಚೀಟಿ ತೋರಿಸದಿದ್ದರೆ ವಾಪಸ್ ಕಳಿಸುತ್ತಾರೆ. ಕಡಿಸಲು ಮನೆಯ ಯಜಮಾನನೇ ಕಚೇರಿಗೆ ಹೋಗಬೇಕಂತೆ. ಒಂದು ಬೆಳಗಿನ ಕೆಲಸ, ಹೋಗಿ ಬಾ.

ನಿನ್ನ,
ಮಗಳು


ಫೆಬ್ರುವರಿ 24

ಮಗಳೇ,

ಬೆರಳ ಗೆಣ್ಣಿನ ಉಪಾಯ ಫಲಿಸಿತು. ನಿನ್ನೆ ಅನ್ನ ಅನ್ನದಂತೆಯೇ ಇತ್ತು. ತೋರಿಸಲು ಯಾರೂ ಇರಲಿಲ್ಲ.

ಕಚೇರಿಗೆ ಹೋಗಿದ್ದೆ. ಗುಮಾಸ್ತ ರಜೆಯಲ್ಲಿದ್ದ. ಮತ್ತೊಂದು ದಿನ ಹೋದೆ, ಸಾಲು ಉದ್ದವಿತ್ತು. ನನಗೂ ಸಸಿ ಕಾಯುವ ಕೆಲಸವಿದೆಯಲ್ಲ, ಹೊಸ ತಂತಿ ಬೇಲಿಯನ್ನು ಯಾವನೋ ಪುಣ್ಯಾತ್ಮ ಬಟ್ಟೆ ಒಣಹಾಕಲು ಬಿಚ್ಚಿಕೊಂಡು ಹೋಗಿದ್ದಾನೆ. ಜೂನ್ ತಾನೇ, ನಾಲ್ಕು ತಿಂಗಳಿದೆ. ಯಾಕೆ ಆತುರ.

ಇನ್ನೊಂದು ವಿಷಯವನ್ನೂ ನೀನು ಯೋಚಿಸಬೇಕು. ಇಲ್ಲಿ ಒಬ್ಬರೇ ಇರುವವರಿಗೆ ಬೇರೆ ಗ್ಯಾಸ್ ಕೊಡುವುದಿಲ್ಲ. ಇಬ್ಬರು ಒಂಟಿಗರನ್ನು ಜೋಡಿ ಮಾಡಿ ಒಂದು ಒಲೆ, ಒಂದು ಸಿಲಿಂಡರ್ ಕೊಡುತ್ತಾರೆ. ಶುಂಠಿಯ ಜೊತೆ ಒಲೆ ಹಂಚಿಕೊಂಡಿದ್ದ ಮುದುಕಿ ಹೋದ ತಿಂಗಳು ತೀರಿಕೊಂಡಳು. ಅಂದಿನಿಂದ ಅವಳಿಗೆ ಗ್ಯಾಸ್ ಇಲ್ಲ, ಜೋಡಿ ಸಿಗುವವರೆಗೆ ಇಲ್ಲ. ಮತ್ತೆ ಪುಳ್ಳೆ ಆರಿಸಿ ಉರಿಸುತ್ತಿದ್ದಾಳೆ, ಕದ್ದು. ನಿನ್ನ ಹೆಸರು ಕಡಿದ ಮರುದಿನವೇ ನನ್ನನ್ನು ಅವಳಿಗೆ ಕಟ್ಟಿಹಾಕುತ್ತಾರೆ. ನನ್ನ ಬೆಂಚನ್ನು ನುಂಗಿದವಳ ಜೊತೆ ಒಂದೇ ಒಲೆಯ ಮುಂದೆ ಕೂರಬೇಕೇ ನಾನು?

ಇಲ್ಲಿ ಬಿಸಿಲು ಜೋರಾಗಿದೆ. ಬುಗ್ಗೆ ಬತ್ತಿದ ಮೇಲೆ ಲಾರಿಯಲ್ಲಿ ನೀರು ತರಿಸುತ್ತಿದ್ದಾರೆ. ಮರ ಹೋದರೆ ನೀರು ಹೋಗುತ್ತದೆಂದು ಬಂದ ವರ್ಷವೇ ಹೇಳಿದ್ದೆ, ಯಾರು ಕೇಳಿದರು. ಹಸಿದವರ ಮುಂದೆ ಮರದ ಪುರಾಣ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಆಮೇಲೆ ನಾನೂ ಕೊಡಲಿ ಸಾಣೆ ಹಿಡಿದು ನಿಮ್ಮ ಕೈಗೆ ಕೊಟ್ಟೆ.

ಇತಿ,
ಅಪ್ಪ


ಏಪ್ರಿಲ್ 6

ಅಪ್ಪಾ,

ಮಾರ್ಚಿನಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ನನ್ನ ಜೊತೆ ಶಿಬಿರದಿಂದ ಬಂದ ಹೊಲಿಗೆಯವಳಿಗೆ ಅವಳ ಅಣ್ಣ ಚೀಟಿ ಕಳಿಸಿದ. ಅವನಿಗೆ ಒಂದೇ ಬೆಳಗ್ಗೆ ಸಾಕಾಯಿತಂತೆ, ಸಾಲೂ ಇರಲಿಲ್ಲವಂತೆ. ಅವನೇ ಇನ್ನೊಂದು ಸುದ್ದಿಯನ್ನೂ ಬರೆದಿದ್ದಾನೆ. ನನ್ನ ರಜೆ ಮುಗಿದಿದ್ದರೂ ನೀನು ಗ್ಯಾಸ್ ಡಿಪೋದಲ್ಲಿ ಮಗಳು ವಾಪಸ್ ಬಂದಿದ್ದಾಳೆ ಎಂದು ಹೇಳಿ ಇಬ್ಬರ ಗ್ಯಾಸ್ ತೆಗೆದುಕೊಳ್ಳುತ್ತಿದ್ದೀಯಂತೆ.

ಓದಿ ನನಗೆ ಹೇಗಾಗಿರಬೇಡ. ಏಳು ವರ್ಷ ಆ ಗುಡ್ಡ ಹತ್ತಿ ಇಳಿದೆ. ಗುಡ್ಡದ ಸುತ್ತಲಿನ ಊರಿನವರ ಕಲ್ಲೇಟು ತಿಂದೆ, ಅವರ ಕಾಡನ್ನು ನಾವು ಕಡಿದದ್ದು, ಅವರ ಸಿಟ್ಟೂ ಸುಳ್ಳಲ್ಲ. ಅಮ್ಮ ಕೆಮ್ಮುತ್ತಿದ್ದಾಗಲೂ ಸೌದೆ ಹೊತ್ತು ತಂದೆ. ಇಷ್ಟು ವರ್ಷಕ್ಕೆ ಬೇರೆ ಒಂದು ಬಾಗಿಲು ತೆರೆದಿದೆ. ಒಂದು ಸಿಲಿಂಡರಿನ ಆಸೆಗೆ ಅದನ್ನು ಮುಚ್ಚಿಬಿಡುತ್ತೀಯಾ? ಶುಂಠಿ ಅಕ್ಕನ ಜೊತೆ ಒಲೆ ಹಂಚಿಕೊಂಡರೆ ನಿನ್ನ ಮಾನ ಹೋಗುತ್ತದೆಯೇ?

ಬರೆದದ್ದನ್ನು ಓದಿದೆ. ಹೊಡೆದುಹಾಕೋಣ ಅನ್ನಿಸಿತು. ಹೊಡೆದುಹಾಕಿಲ್ಲ.

ಮಗಳು


ಮೇ 2

ಅಪ್ಪಾ,

ಇನ್ನು ಎರಡು ತಿಂಗಳಿಲ್ಲ. ನಿನಗೆ ಮೈ ಸರಿಯಿದೆಯೇ? ಸಿಟ್ಟಿದ್ದರೆ ಸಿಟ್ಟೆಂದೇ ಬರೆ. ಬರಿಯ ಕವರಾದರೂ ಕಳಿಸು, ಇದ್ದೀಯೆಂದು ಗೊತ್ತಾಗಲಿ.

ಮಗಳು


ಮೇ 17

ಮಗಳೇ,

ಇದ್ದೇನೆ. ನಿನ್ನ ಕಾಗದಗಳೆಲ್ಲ ಬಂದಿವೆ. ಅಂಚೆಯವನ ಮೇಲೆ ಹಾಕೋಣ ಅಂದುಕೊಂಡಿದ್ದೆ, ಪಾಪ, ಅವನೇನು ಮಾಡಿದ. ಈಗ ಬರೆಯುವುದನ್ನು ಓದಿ ಮುಗಿಸುವವರೆಗೆ ನನ್ನನ್ನು ಬಯ್ಯಬೇಡ. ಆಮೇಲೆ ಬಯ್ಯಿ, ಬಯ್ಯಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ.

ಹೋದ ಮಂಗಳವಾರ ಬೆಳಗ್ಗೆ ತಲೆ ಎಣಿಸುವವರು ಬಂದರು. ಇಬ್ಬರು ಹುಡುಗಿಯರು, ನಿನ್ನ ವಯಸ್ಸಿನವರೇ. ಪಟ್ಟಿಯಲ್ಲಿ ಇರುವವರೆಲ್ಲ ಅವರ ಕಣ್ಣಿಗೆ ಕಾಣಬೇಕು. ಒಬ್ಬಳು ನಿನ್ನ ಹೆಸರಿನ ಮೇಲೆ ಬೆರಳಿಟ್ಟು, "ಎಲ್ಲಿ ತಾತ ಮಗಳು?" ಅಂದಳು. ಏಳು ವರ್ಷ ಯಾರು ಕೇಳಿದರೂ ನಾನು ಕೊಟ್ಟ ಉತ್ತರ ಒಂದೇ. ಅದೇ ಬಾಯಿಗೆ ಬಂತು.

"ಸೌದೆಗೆ ಹೋಗಿದ್ದಾಳೆ."

ಹುಡುಗಿಯರು ಮುಖ ಮುಖ ನೋಡಿಕೊಂಡರು. ಗ್ಯಾಸ್ ಇರುವ ಮನೆಯವರು ಸೌದೆಗೆ ಹೋಗುವುದು ಈಗ ತಪ್ಪು. ಅದಾದರೂ ಸಣ್ಣದು. ಹಿಂದಿನ ವಾರ ಹೊಡೆದ ಮಳೆಗೆ ಗುಡ್ಡ ಜಾರಿ ಎರಡು ಗುಡಿಸಲು ಮುಚ್ಚಿಹೋಗಿದ್ದವು. ಬೇರನ್ನೂ ಬಿಡದೆ ಕಿತ್ತ ಮೇಲೆ ಮಣ್ಣನ್ನು ಹಿಡಿಯುವವರು ಯಾರು? ಆ ಕಡೆ ಯಾರೂ ಕಾಲಿಡಬಾರದೆಂದು ಹಗ್ಗ ಕಟ್ಟಿದ್ದರು. ಒಬ್ಬಳೇ ಹೋದಳಾ ಎಂದು ಕೇಳಿದರು, ಹೌದು ಅಂದೆ. ಅವರು ಅವಸರದಲ್ಲಿ ಹೊರಟರು. ನಾನು ಕೋಲು ಹಿಡಿದುಕೊಂಡು ಸಸಿ ಕಾಯಲು ಆಚೆ ಮಗ್ಗುಲಿಗೆ ನಡೆದೆ. ಗೆದ್ದೆ ಅಂದುಕೊಂಡೇ ನಡೆದೆ.

ಮೂರು ಗಂಟೆಗೆ ತಿರುಗಿ ಬಂದರೆ ನಮ್ಮ ಸಾಲಿನಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಹಗ್ಗ ದಾಟಿ ಗುಡ್ಡದ ಮೇಲಿದ್ದರು. ಬಡಗಿಯ ಮಗಳು ಒಬ್ಬಳೇ ಮೇಲೆ ಹೋಗಿದ್ದಾಳೆ, ನೋಡಿದವರು ತಿಳಿಸಿ ಎಂದು ಬೆಳಗ್ಗೆಯೇ ಮೈಕಿನಲ್ಲಿ ಕೂಗಿಸಿದ್ದರಂತೆ. ನೀನು ರಾತ್ರಿಯೇ ಬಂದಿರಬೇಕು ಎಂದುಕೊಂಡರಂತೆ ಎಲ್ಲರೂ. ಆಚೆ ಮಗ್ಗುಲಿನಲ್ಲಿ ನನ್ನ ಕಿವಿಗೆ ಏನು ಬಿದ್ದೀತು.

ಆಗಲೇ ಹೇಳಬೇಕಿತ್ತು. ಎರಡೇ ಮಾತು, ಅವಳು ಇಲ್ಲಿಲ್ಲ ಅಂದಿದ್ದರೆ ಆಗುತ್ತಿತ್ತು. ಹಗ್ಗದ ಹತ್ತಿರ ಹೋದರೆ ನೀರು ಹಂಚುವವನು ಓಡಿ ಬಂದು ನನ್ನ ತೋಳು ಹಿಡಿದುಕೊಂಡ. ಯಾರೋ ಕುಡಿಯಲು ಕೊಟ್ಟರು. ಹೆದರಬೇಡ, ಸಿಗ್ತಾಳೆ ಎಂದರು. ಅಷ್ಟು ಜನ ನಿನಗಾಗಿ ಮೈಯೆಲ್ಲ ಮಣ್ಣು ಮೆತ್ತಿಕೊಂಡಿರುವುದನ್ನು ನೋಡಿದೆ. ಅವರ ಜೊತೆ ನಾನೂ ಮೇಲೆ ಹತ್ತಿದೆ. ಅವರು ನಿನ್ನ ಹೆಸರು ಕೂಗುತ್ತಿದ್ದರು. ನಾನೂ ಕೂಗಿದೆ ಮಗಳೇ. ಮೊದಲ ಸಲ ಕೂಗಿದ್ದು ಅವರಿಗೆ ಸಂಶಯ ಬರಬಾರದೆಂದು. ಎರಡನೆಯ ಸಲ ಹಾಗಲ್ಲ. ಎಷ್ಟು ಸಲ ಕೂಗಿದೆನೋ ತಿಳಿಯದು. ನೀನು ಅಲ್ಲಿಲ್ಲವೆಂದು ಇಡೀ ಗುಡ್ಡದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಕೂಗಿ ಕೂಗಿ ನಿಂತು, ಕೈಯನ್ನು ಕಿವಿಗೆ ಒಡ್ಡಿ ಕಾಯುತ್ತಿದ್ದೆ. ನಾಚಿಕೆ ಬಿಟ್ಟು ಅತ್ತೆ. ಅವರು ಬೇರೆ ಅರ್ಥ ಮಾಡಿಕೊಂಡರು.

ಸಂಜೆಯ ಹೊತ್ತಿಗೆ ಸಿಕ್ಕಿದ್ದು ಶುಂಠಿ. ಮೈಕಿನಲ್ಲಿ ನಿನ್ನ ಹೆಸರು ಕೇಳಿದ್ದೇ ತಡ, ಕಟ್ಟಿಗೆ ಒಲೆಯ ಮೇಲಿದ್ದ ಪಾತ್ರೆಯನ್ನೂ ಇಳಿಸದೆ ಓಡಿದ್ದಳಂತೆ. ಒಬ್ಬೊಬ್ಬರೇ ಗುಡ್ಡ ಹತ್ತಬಾರದೆಂಬುದು ನಿಮ್ಮಿಬ್ಬರ ಕಟ್ಟುಪಾಡಲ್ಲವೇ. ನಿನ್ನನ್ನು ಒಂಟಿ ಬಿಡಬಾರದೆಂದು ಅವಳು ಒಂಟಿಯಾಗಿ ಹತ್ತಿದ್ದಳು. ನಾವು ಬುಡ ಕಿತ್ತ ಗುಂಡಿಯೊಂದರ ಬಾಯಿ ಮಳೆಗೆ ಮುಚ್ಚಿಕೊಂಡಿತ್ತು, ಕಾಲಿಟ್ಟವಳು ಸೊಂಟದವರೆಗೆ ಇಳಿದುಹೋಗಿದ್ದಳು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಬೆಳಗ್ಗೆಯಿಂದ ಹಾಗೆಯೇ ಇದ್ದಳು. ನನ್ನನ್ನು ನೋಡಿದವಳು ಎರಡು ವರ್ಷದ ಮೇಲೆ ಮೊದಲ ಮಾತಾಡಿದಳು.

"ಸಿಕ್ಕಿದ್ಲಾ?"

ಅವಳ ಮುಂದೆ ಕೂತು ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ. ಅವಳು ಬಂದೇ ಇಲ್ಲ, ನಾನು ಸುಳ್ಳು ಹೇಳಿದೆ ಎಂದು. ಶುಂಠಿ ಕಣ್ಣು ಮುಚ್ಚಿ, "ಸದ್ಯ" ಅಂದಳು. ಆಮೇಲೆ ಕಣ್ಣು ತೆರೆದು ನನ್ನ ಏಳು ತಲೆಮಾರನ್ನು ಜಾಲಾಡಿದಳು. ಉಳಿದವರು ಅವಳನ್ನು ಎತ್ತಿಕೊಂಡು ಇಳಿದರು. ನನ್ನ ತೋಳು ಹಿಡಿಯಲು ಈ ಸಲ ಯಾರೂ ಬರಲಿಲ್ಲ.

ಇಂದಿಗೂ ನಮ್ಮ ಸಾಲಿನಲ್ಲಿ ನನ್ನೊಡನೆ ಮಾತಿಲ್ಲ. ಅದು ಸರಿಯೇ. ನಾಳೆ, ನಾಡಿದ್ದು ಕಚೇರಿಗೆ ಹೋಗುತ್ತೇನೆ. ಈ ಸಲ ಗುಮಾಸ್ತ ರಜೆಯಲ್ಲಿರುವುದಿಲ್ಲ.

ಅಪ್ಪ


ಮೇ 28

ಅಪ್ಪಾ,

ಇಸ್ತ್ರಿ ಯಂತ್ರದ ಪಕ್ಕ ನಿಂತೇ ಓದಿದೆ. ಆ ಕಡೆಯ ಹೆಂಗಸು ತನ್ನ ತುದಿ ಹಿಡಿದುಕೊಂಡು ಕಾಯುತ್ತಿದ್ದಳು. ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದಳು. ಏನಾಯಿತೆಂದು ಅವಳಿಗೆ ಹೇಳಲು ನನಗೆ ಶಬ್ದವಿಲ್ಲ, ಕೇಳಲು ಅವಳಿಗಿಲ್ಲ. ಬೆನ್ನು ಸವರಿ ಮತ್ತೆ ಯಂತ್ರ ಹಾಕಿದಳು.

ಶುಂಠಿ ಅಕ್ಕನ ಕಾಲಿಗೆ ಏನು ಮಾಡಿದ್ದಾರೆ? ಅವಳಿಗೆ ಯಾರು ಬೇಯಿಸಿ ಹಾಕುತ್ತಿದ್ದಾರೆ?

ಅಪ್ಪಾ, ನೀನು ಸಿಲಿಂಡರಿಗಾಗಿ ಹೀಗೆ ಮಾಡುತ್ತಿದ್ದೀಯೆಂದು ಬರೆದೆ. ಬರೆದ ಕೈ ಕಡಿದುಕೊಳ್ಳುವ ಹಾಗಾಗಿದೆ. ಹೆಸರು ಕಡಿಸಬೇಡ, ಹಾಗೇ ಇರಲಿ. ಜೂನ್ ಮುಗಿದ ಮೇಲೆ ಹೇಗೂ ಕಳಿಸುತ್ತಾರೆ, ನಾನು ಬಂದುಬಿಡುತ್ತೇನೆ. ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಬಟ್ಟೆಯ ಮೇಲೆ ಹಾಕುವ ಹಾಗೆ ನನಗೂ ಒಂದು ನಂಬರಿದೆ, ಹತ್ತೊಂಬತ್ತು. ನಾವಿಬ್ಬರೂ ಒಂದೇ ಕಡೆ ಇರೋಣ.

ನಿನ್ನ,
ಮಗಳು


ಜೂನ್ 9

ಮಗಳೇ,

ಬರಬೇಡ. ಬಂದರೆ ಕಾಲು ಮುರಿಯುತ್ತೇನೆ. ಈಗಾಗಲೇ ಒಂದು ಮುರಿದಿದ್ದೇನೆ, ನನಗೆ ಅನುಭವವಿದೆ.

ಶುಂಠಿಯ ಕಾಲಿಗೆ ಪಟ್ಟಿ ಹಾಕಿದ್ದಾರೆ. ಊರುಗೋಲು ನಾನೇ ಮಾಡಿಕೊಟ್ಟೆ. ಬಗಲಿಗೆ ಒತ್ತುತ್ತದೆ, ಉದ್ದ ಸರಿಯಿಲ್ಲ, ನೀನೂ ಒಬ್ಬ ಬಡಗಿಯೇ ಎಂದು ಎರಡು ಸಲ ವಾಪಸ್ ಕಳಿಸಿದಳು. ಬೇಯಿಸಿ ಹಾಕುತ್ತಿರುವವನು ನಾನು. ಬೆರಳ ಗೆಣ್ಣಿನ ಲೆಕ್ಕದಲ್ಲಿ. ಸುಮ್ಮನೆ ತಿನ್ನುತ್ತಾಳೆ ಎಂದುಕೊಳ್ಳಬೇಡ, ಉಪ್ಪಿಗೆ ಒಂದು ಮಾತು, ಖಾರಕ್ಕೆ ಒಂದು ಮಾತು. ಸಂಜೆ ಪಾತ್ರೆ ತೊಳೆದುಕೊಂಡು ನನ್ನ ಮನೆಗೆ ಬರುತ್ತೇನೆ. ಆಮೇಲೆ ಬೆಳಗಿನವರೆಗೆ ನಾನೊಬ್ಬನೇ.

ಸಿಲಿಂಡರಿನ ವಿಷಯ ನೀನು ಬರೆದದ್ದರಲ್ಲಿ ತಪ್ಪಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಆದರೆ ಈಗ ಹೇಳಿಬಿಡುತ್ತೇನೆ. ಒಂದು ಸಿಲಿಂಡರ್ ನನಗೆ ಎರಡು ತಿಂಗಳಿಗೂ ಮುಗಿಯುವುದಿಲ್ಲ. ಅರ್ಧ ತುಂಬಿದ್ದನ್ನೇ ಹೊತ್ತುಕೊಂಡು ಹೋಗಿ ತಿಂಗಳು ತಿಂಗಳೂ ಬದಲಾಯಿಸುತ್ತಿದ್ದೆ. ಡಿಪೋದಲ್ಲಿ ಕಾರ್ಡಿನಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರಲ್ಲ, ಪ್ರತಿ ಹೆಸರಿಗೂ "ಇದ್ದಾರೆ" ಎಂದು ಯಜಮಾನ ಹೇಳಬೇಕಲ್ಲ. ನನ್ನ ಈ ಕಿವಿಗೆ ನಿನ್ನ ಹೆಸರು ಸ್ಪಷ್ಟವಾಗಿ ಬೀಳುವ ಜಾಗ ಅದೊಂದೇ. ಅವನು ಕೂಗುತ್ತಿದ್ದ, ನಾನು ಇದ್ದಾಳೆ ಅನ್ನುತ್ತಿದ್ದೆ. ಅಷ್ಟಕ್ಕೇ ಹೋಗುತ್ತಿದ್ದೆ. ಗೋಡೆಯಾಚೆ ಒಬ್ಬಳು ಪುಳ್ಳೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗಲೂ ಹೋದೆ.

ನಿನ್ನ ಕಾಗದ ನಿನ್ನೆ ಬಂತು. ಬಂದುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ನಾಳೆ, ನಾಡಿದ್ದು ಅನ್ನುತ್ತಲೇ ಮೂರು ವಾರ ದೂಡಿದ್ದೆ, ಆಸೆ ಇನ್ನೂ ಬಲಿಯುವ ಮುಂಚೆ ಹೋಗಿಬಿಡೋಣವೆಂದು ಇವತ್ತು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕಚೇರಿಗೆ ಹೋದೆ. ಶುಂಠಿ ಸಾಕ್ಷಿ ಹಾಕಲು ಊರುಗೋಲು ಕುಟ್ಟಿಕೊಂಡು ಬಂದಳು. ನೀರು ಹಂಚುವವನನ್ನೂ ಅವಳೇ ಬಯ್ದು ಎಳೆದುಕೊಂಡು ಬಂದಳು.

ಗುಮಾಸ್ತ ಪುಸ್ತಕ ತೆಗೆದ. ಮತ್ತೆ ಬರುತ್ತಾರೆ ಅಂದರೆ ಹೆಸರನ್ನು ಬೇರೆ ಪುಸ್ತಕಕ್ಕೆ ಸೇರಿಸುತ್ತಾರಂತೆ, ಕಡಿದ ಹಾಗಾಗುವುದಿಲ್ಲವಂತೆ. ಬರುವುದಿಲ್ಲ ಅಂತ ಯಜಮಾನ ಬಾಯಿಬಿಟ್ಟು ಹೇಳಬೇಕು, ಸಾಕ್ಷಿಗಳು ಕೇಳಿಸಿಕೊಂಡು ರುಜು ಹಾಕಬೇಕು. ಅವನು ಒಳ್ಳೆಯವನೇ. ಪೆನ್ನು ಕೆಳಗಿಟ್ಟು ಕೇಳಿದ.

"ಮಗಳು ವಾಪಸ್ ಬರ್ತಾಳಾ ತಾತ?"

ಇಲ್ಲ, ಬರಲ್ಲ ಅಂದೆ. ಅವನಿಗೆ ಕೇಳಿಸಲಿಲ್ಲವಂತೆ. ಶುಂಠಿಯೂ ಕೇಳಿಸಲಿಲ್ಲ ಅಂದಳು, ಅವಳು ತಲೆ ತಗ್ಗಿಸಿದ್ದಳು. ಇನ್ನೊಂದು ಸಲ ಹೇಳಬೇಕಾಯಿತು. ಗಟ್ಟಿಯಾಗಿ ಹೇಳಿದೆ ಮಗಳೇ, ಎಷ್ಟು ಗಟ್ಟಿಯಾಗಿ ಅಂದರೆ ನನ್ನ ಕಿವಿಗೂ ಕೇಳಿಸಿತು.

ಚೀಟಿ ಈ ಕವರಿನಲ್ಲೇ ಇದೆ. ಮುದ್ರೆ ಅಳಿಸಿಹೋಗದ ಹಾಗೆ ನೋಡಿಕೊ. ಸಿಕ್ಕಿದ ದಿನವೇ ಕೊಂಡುಹೋಗಿ ಕೊಡು.

ನಿನ್ನ,
ಅಪ್ಪ